ಶೆಡ್ಡಲ್ಲಿ ನಿಂತ ಅಪ್ಪನ ಫಿಯಟ್: ತುಕ್ಕು ತೆಗೆದು ಮನೆಯಲ್ಲೇ ಪೇಂಟ್ ಹೊಡೆಯಬಹುದಾ?

ಆಲ್ದೂರು ಹುಡುಗ:

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಜಿಲ್ಲೆ, ಆಲ್ದೂರಿನಿಂದ ಸ್ವಲ್ಪ ಒಳಗೆ ನಮ್ಮ ತೋಟ. ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ ಆರು ವರ್ಷದಿಂದ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಪಕ್ಕದ ಶೆಡ್ಡಲ್ಲಿ ನಿಂತಿದೆ. ಮನೆಯಲ್ಲಿ ಯಾರೂ ಅದನ್ನು ಪದ್ಮಿನಿ ಅಂದಿದ್ದೇ ಇಲ್ಲ, ಫಿಯಟ್ ಅಂತಲೇ. ಹೋದ ತಿಂಗಳು ಹೊಸ ಬ್ಯಾಟರಿ ಹಾಕಿ, ಕಾರ್ಬುರೇಟರ್ ಬಿಚ್ಚಿ ತೊಳೆದು, ಬೇರೆ ಪೆಟ್ರೋಲ್ ಹಾಕಿದ ಮೇಲೆ ನಾಲ್ಕನೇ ಸಲಕ್ಕೆ ಸ್ಟಾರ್ಟ್ ಆಯಿತು. ಅಪ್ಪನ ಮುಖ ನೋಡಬೇಕಿತ್ತು.

ತೊಂದರೆ ಇರುವುದು ಬಾಡಿಯದ್ದು. ದೂರದಿಂದ ನೋಡಿದರೆ ಚೆನ್ನಾಗೇ ಇದೆ. ಡ್ರೈವರ್ ಬಾಗಿಲ ಕೆಳಗಿನ ಪಟ್ಟಿಯಲ್ಲಿ ಕಾಫಿ ಹಣ್ಣಿನಷ್ಟು ಒಂದು ಗುಳ್ಳೆ ಎದ್ದಿತ್ತು. ಸುಮ್ನೆ ಸ್ಕ್ರೂಡ್ರೈವರ್ ತಗೊಂಡು ಒತ್ತಿದೆ, ಹಿಡಿಯವರೆಗೂ ಒಳಗೆ ಹೋಯಿತು. ಎಳೆದರೆ ಮುರಿದ ಹಪ್ಪಳದ ಚೂರಿನ ಹಾಗೆ ಕೆಂಪು ಪದರಗಳು ಉದುರಿದವು. ಒಳಗಿನ ರಬ್ಬರ್ ಮ್ಯಾಟ್ ಎತ್ತಿದರೆ ಅದರಡಿಯ ಸೆಣಬಿನ ಹಾಸು ಈ ಜನವರಿಯಲ್ಲೂ ಒದ್ದೆ. ಕ್ಲಚ್ ಪೆಡಲ್ ಹತ್ತಿರ ಅಂಗೈ ತೂರುವಷ್ಟು ತೂತು, ಶೆಡ್ಡಿನ ನೆಲ ಕಾಣುತ್ತದೆ.

ಪೇಟೆಯ ಒಂದು ಗ್ಯಾರೇಜಿನವರು ಬಂದು ನೋಡಿ "ನಾಲ್ಕು ದಿನ ಸಾಕು, ಪುಟ್ಟಿ ತುಂಬಿ ಹೊಸ ಗಾಡಿ ಥರ ಮಾಡಿ ಕೊಡ್ತೀವಿ" ಅಂದರು. ಕಾಲು ಇಡುವ ಜಾಗದ ತೂತಿಗೂ ಪುಟ್ಟಿಯಾ ಅಂತ ಕೇಳಿದ್ದಕ್ಕೆ ನಕ್ಕರು. ಅದಕ್ಕೇ ನಾನೇ ಮಾಡೋಣ ಅಂತ.

ನನ್ನ ಹತ್ತಿರ ಗ್ರೈಂಡರ್ ಇದೆ, ಗೇಟು ಬೆಸೆಯುವ ಆರ್ಕ್ ವೆಲ್ಡಿಂಗ್ ಸೆಟ್ ಇದೆ, ಟಯರ್‌ಗೆ ಗಾಳಿ ಹೊಡೆಯುವ 1 ಎಚ್‌ಪಿ ಕಂಪ್ರೆಸರ್ ಇದೆ. ಶೆಡ್ಡಿಗೆ ಹೊದೆಸಿ ಉಳಿದ ಜಿಂಕ್ ಶೀಟೂ ಇದೆ. ಅರೇಬಿಕಾ ಕೊಯ್ಲು ಮುಗಿಯಿತು, ಸ್ವಲ್ಪ ಕೈ ಬಿಡುವಾಗಿದೆ. ಮಳೆಗಾಲದೊಳಗೆ ಮುಗಿಯುತ್ತಾ? ಇನ್ನೊಂದು, ಅಪ್ಪನಿಗೆ ಅದೇ ಹಳೇ ಕ್ರೀಮ್ ಬಣ್ಣ ಬೇಕು, ನನಗೆ ಕಡು ನೀಲಿ ಆಸೆ. ಬಣ್ಣ ಬದಲಾಯಿಸಿದರೆ ಏನಾದರೂ ತೊಂದರೆ ಇದೆಯಾ?

ಹಾಸನದ ಹಳೇ ಫಿಯಟ್:

ಆ ಸ್ಕ್ರೂಡ್ರೈವರನ್ನು ಕೆಳಗಿಡಬೇಡಿ. ಪೂರ್ತಿ ಗಾಡಿಗೆ ಹಾಗೇ ಚುಚ್ಚಿ ನೋಡಿ. ಎರಡೂ ಬದಿಯ ಪಟ್ಟಿ, ಚಕ್ರದ ಮೇಲಿನ ಕಮಾನು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗ, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗ್ಲಾಸಿನ ರಬ್ಬರ್ ಕೆಳಗೆ. ನಿಮ್ಮ ಹಾಸು ಒದ್ದೆ ಇರುವುದಕ್ಕೆ ಆ ಗ್ಲಾಸಿನ ರಬ್ಬರೇ ಕಾರಣ ಇರಬಹುದು, ಅದು ಒಣಗಿ ಬಿರುಕು ಬಿಟ್ಟರೆ ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಸೀದಾ ಕಾಲಿನ ಹತ್ತಿರ ಇಳಿಯುತ್ತದೆ. ಅದನ್ನು ಸರಿ ಮಾಡದೆ ನೆಲ ಬೆಸೆದರೆ ಎರಡು ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಇದು ಜೀಪಲ್ಲ ಅನ್ನುವುದು ನೆನಪಿರಲಿ. ಜೀಪಿಗೆ ಕೆಳಗೆ ಬೇರೆ ಚಾಸಿ ಇರುತ್ತದೆ, ಬಾಡಿ ಹೋದರೂ ಗಾಡಿ ನಿಲ್ಲುತ್ತದೆ. ಫಿಯಟ್‌ಗೆ ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಆ ಪಟ್ಟಿ ಅಲಂಕಾರಕ್ಕೆ ಇರುವುದಲ್ಲ, ಇಡೀ ಗಾಡಿಯ ಭಾರ ಅದರ ಮೇಲಿದೆ. ಎರಡೂ ಕಡೆ ಒಟ್ಟಿಗೆ ಕತ್ತರಿಸಿಬಿಟ್ಟರೆ ಮಧ್ಯದಲ್ಲಿ ಬಗ್ಗುತ್ತದೆ, ಆಮೇಲೆ ಬಾಗಿಲು ಹಾಕಲು ಬರುವುದಿಲ್ಲ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದು ಬದಿ ಮುಟ್ಟಿ. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಒಂದು ಕಬ್ಬಿಣದ ಆಂಗಲ್ ಇಟ್ಟು ಟ್ಯಾಕ್ (ಆಮೇಲೆ ಬಿಡಿಸುವಂಥ ಚುಕ್ಕೆ ಬೆಸುಗೆ) ಹಾಕಿ. ನಾನು ಇದನ್ನು ಮಾಡದೆ ಪೆಟ್ಟು ತಿಂದವನು. ಹಿಂದಿನ ಬಾಗಿಲ ಸಂದು ಮೇಲೆ ಬೆರಳು ಹೋಗುವಷ್ಟು, ಕೆಳಗೆ ಪೇಪರ್ ಹೋಗದಷ್ಟು ಆಗಿ, ಬೆಸುಗೆ ಎಲ್ಲಾ ಬಿಡಿಸಿ ಜಾಕ್ ಕೊಟ್ಟು ಮತ್ತೆ ಮಾಡಿದೆ. ಒಂದು ತಿಂಗಳು ದಂಡ.

ಆರ್ಕ್ ಸೆಟ್ ಮರೆತುಬಿಡಿ. ಈ ತಗಡು ಗೇಟಿನ ಪೈಪಲ್ಲ, ರಾಡ್ ತಾಗಿಸಿದ ಕೂಡಲೇ ಇನ್ನೊಂದು ತೂತು. ತೆಳು ತಗಡು ಬೆಸೆಯಲು ಬರುವ ಮಿಗ್ ವೆಲ್ಡಿಂಗ್ ಸೆಟ್ ಬಾಡಿಗೆಗೆ ತನ್ನಿ, ಇಲ್ಲವೇ ಗ್ಯಾಸ್ ವೆಲ್ಡಿಂಗ್ ಬರುವ ಹಳೇ ಟಿಂಕರ್ (ಗಾಡಿ ತಗಡಿನ ಕೆಲಸದವರು) ಒಬ್ಬರನ್ನು ಎರಡು ದಿನ ಮನೆಗೆ ಕರೆಸಿ, ಅಂಥವರು ಈಗಲೂ ಇದ್ದಾರೆ. ಜಿಂಕ್ ಶೀಟೂ ಬೇಡ. ಬೆಸೆಯುವಾಗ ಸತು ಸುಟ್ಟು ಬಿಳಿ ಹೊಗೆ ಬರುತ್ತದೆ, ಅದನ್ನು ಕುಡಿದರೆ ರಾತ್ರಿ ಚಳಿ ಜ್ವರ ಗ್ಯಾರಂಟಿ. ಸತು ಲೇಪನ ಇಲ್ಲದ ಸಾದಾ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ತನ್ನಿ, ನೆಲಕ್ಕೆ 20 ಗೇಜ್ ಅಂದರೆ 0.9 ಮಿಮೀ, ಪಟ್ಟಿಗೆ 18 ಗೇಜ್. ತುಕ್ಕು ಮುಗಿದು ಹೊಳೆಯುವ ತಗಡು ಸಿಗುವವರೆಗೂ ಕತ್ತರಿಸಬೇಕು, ಹೊಟ್ಟೆ ಉರಿದರೂ ಸರಿ. ಬೆಸುಗೆ ಗೆರೆ ಎಳೆದ ಹಾಗೆ ಒಂದೇ ಸಮ ಹಾಕಬೇಡಿ, ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆ, ಆರಲು ಬಿಟ್ಟು ಮಧ್ಯೆ ತುಂಬುತ್ತಾ ಬನ್ನಿ, ಇಲ್ಲದಿದ್ದರೆ ಶೀಟ್ ಕಾದು ಡೊಂಕಾಗುತ್ತದೆ.

ಬ್ಯಾಟರಿ ಬಿಚ್ಚಿ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಶೆಡ್ಡಿಂದ ದೂರ ಇಡಿ, ಖಾಲಿ ಟ್ಯಾಂಕ್ ಅಂತ ಧೈರ್ಯ ಬೇಡ, ಒಳಗಿನ ಆವಿಯೇ ಅಪಾಯ. ಆ ಸೆಣಬಿನ ಹಾಸು ಪೂರ್ತಿ ಕಿತ್ತು ಹಾಕಿ. ಪಕ್ಕದಲ್ಲಿ ಕಾಫಿ ಸಿಪ್ಪೆ ರಾಶಿ ಇದ್ದರೆ ಅದನ್ನೂ.

ಸಕಲೇಶಪುರ ಜೀಪು:

ಬಾಗಿಲ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ, ಒಂದು ತಂತಿ ಹಾಕಿ ನೋಡಿ. ನಮ್ಮ ಚಿಕ್ಕಪ್ಪನ ಗಾಡಿಯಲ್ಲಿ ಅದು ಮುಚ್ಚಿ ಬಾಗಿಲ ಒಳಗೆ ನೀರು ನಿಂತು, ಬಾಗಿಲು ತೆಗೆದರೆ ಗುಳುಗುಳು ಅಂತಿತ್ತು. ಮತ್ತೆ ಗಾಡಿಗೆ ಪ್ಲಾಸ್ಟಿಕ್ ಟಾರ್ಪಾಲ್ ಹೊದೆಸಿದ್ದೀರಾ? ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು ಅದು. ಮಳೆ ತಡೆಯುತ್ತದೆ ನಿಜ, ಆದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಗಾಡಿ ಕಡುಬಿನ ಹಾಗೆ ಬೇಯುತ್ತಿರುತ್ತದೆ. ಮೇಲೆ ಸೂರು, ಸುತ್ತ ಗಾಳಿ, ಅಷ್ಟು ಸಾಕು.

ಪಟ್ಟಿಯ ಒಳಗೆ ನಾವು ಹಳೇ ಇಂಜಿನ್ ಆಯಿಲ್ ಹೊಡೆಯುತ್ತೇವೆ. ತುಕ್ಕು ಬರಲ್ಲ.

ಅರಸೀಕೆರೆ ಪೇಂಟರ್:

ಜೀಪಿನವರೇ, ಆಯಿಲ್ ಮಾತು ಒಪ್ಪುತ್ತೇನೆ, ಆದರೆ ಪೇಂಟ್ ಆದ ಮೇಲೆ. ಮೊದಲೇ ಹೊಡೆದರೆ ಸಂದಿಯಿಂದ ಜಿನುಗಿ ಹೊಸ ಬಣ್ಣದಲ್ಲಿ ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತವೆ. ಕಾಸು ಇದ್ದರೆ ಆಯಿಲ್ ಬದಲು ಟೊಳ್ಳು ಜಾಗಕ್ಕೇ ಇರುವ ಮೇಣ, ಕ್ಯಾವಿಟಿ ವ್ಯಾಕ್ಸ್ ಹೊಡೆಯಿರಿ.

ತಮ್ಮಾ, ನಾನು ಇದೇ ಕೆಲಸದವನು, ಹೇಳುತ್ತೇನೆ ಕೇಳು. ತುಕ್ಕು ಕಪ್ಪಾಗಿಸುವ ಕನ್ವರ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಕೈ ಹೋಗದ ಮೂಲೆಗೆ ಅದು ಸರಿ. ಉಳಿದ ಕಡೆ ವೈರ್ ಬ್ರಷ್, ಫ್ಲಾಪ್ ಡಿಸ್ಕ್ ಹಾಕಿ ಬಿಳಿ ತಗಡು ಕಾಣುವವರೆಗೂ ಉಜ್ಜು. ಕನ್ವರ್ಟರ್‌ನಲ್ಲಿ ಇರುವುದು ಬಹುತೇಕ ಫಾಸ್ಫಾರಿಕ್ ಆಸಿಡ್, ಅದರ ಅಂಶ ಉಳಿದ ಜಾಗದಲ್ಲಿ ಎಪಾಕ್ಸಿ ಪ್ರೈಮರ್ (ತಗಡಿಗೆ ಮೊದಲು ಹೊಡೆಯುವ ಅಡಿಬಣ್ಣ) ಸರಿಯಾಗಿ ಹಿಡಿಯುವುದಿಲ್ಲ. ಬರಿ ತಗಡಿನ ಮೇಲೆ ಮೊದಲು ಎಪಾಕ್ಸಿ, ಅದರ ಮೇಲೆ ಪುಟ್ಟಿ. ಗ್ಯಾರೇಜಿನವರು ಇದನ್ನು ಉಲ್ಟಾ ಮಾಡುತ್ತಾರೆ, ಯಾಕೆಂದರೆ ಒಂದು ದಿನ ಉಳಿಯುತ್ತದೆ. ಪುಟ್ಟಿ ಅಂದರೆ ಸ್ಪಂಜಿನ ಥರ, ನೀರು ಹೀರುತ್ತದೆ. ಬರಿ ತಗಡಿನ ಮೇಲೆ ಹಾಕಿ ನೀರು ಹಾಕಿ ಉಜ್ಜಿದರೆ ಅಡಿಯಲ್ಲಿ ತುಕ್ಕು ಅವತ್ತೇ ಶುರು. ನಾನೂ ಎಷ್ಟೋ ವರ್ಷ ನೀರು ಹಾಕಿಯೇ ಉಜ್ಜಿದ್ದೇನೆ, ಸುಳ್ಳು ಹೇಳಲ್ಲ. ಈಗ ಪುಟ್ಟಿಯನ್ನು ಒಣಗಿದ್ದೇ ಉಜ್ಜುತ್ತೇನೆ, 80 ನಂಬರ್ ಉಜ್ಜುವ ಪೇಪರಿಂದ ಶುರು ಮಾಡಿ 180, 320. 2-3 ಮಿಮೀಗಿಂತ ದಪ್ಪ ಬೇಕಾದರೆ ಅದು ಪುಟ್ಟಿ ಕೆಲಸವಲ್ಲ, ಸುತ್ತಿಗೆ ಕೆಲಸ.

ಇನ್ನು ಬಣ್ಣ. ಹಳೇ ಡ್ಯೂಕೋ ಅನ್ನುತ್ತೇವಲ್ಲ, ಆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟನ್ನು ಮನೆಯಲ್ಲಿ ಹೊಡೆಯಬಹುದು. ಬೇಗ ಒಣಗುತ್ತದೆ, ಧೂಳು ಕೂತರೂ ಉಜ್ಜಿ ಪಾಲಿಶ್ ಮಾಡಬಹುದು. ಆದರೆ ಗಾಳಿಯಲ್ಲಿ ತೇವ ಇದ್ದ ದಿನ ಹೊಡೆದರೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರನ್ನೇ ಎಳೆದುಕೊಳ್ಳುತ್ತದೆ. ಅರಸೀಕೆರೆಯಲ್ಲಿ ನನಗೆ ಆ ಕಾಟ ಕಡಿಮೆ, ಬಯಲು ಸೀಮೆ. ನಿಮ್ಮ ಮಲೆನಾಡಲ್ಲಿ ಬೆಳಿಗ್ಗೆ ಮಂಜು ಬಿಟ್ಟು, ಬಿಸಿಲು ಏರಿ, ತಗಡು ಬೆಚ್ಚಗಾದ ಮೇಲೆ, 11ರಿಂದ 3ರೊಳಗೆ ಮಾತ್ರ ಗನ್ ಹಿಡಿ. ಹೂಮಳೆ ಬಿತ್ತು ಅಂದರೆ ಎರಡು ದಿನ ರಜೆ.

ಪಿಯು (ಪಾಲಿಯುರೆಥೇನ್) ಪೇಂಟ್ ಹೊಳಪು ಜಾಸ್ತಿ, ಬಾಳಿಕೆಯೂ ಜಾಸ್ತಿ. ಆದರೆ ಅದು ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲಿ ಐಸೋಸೈನೇಟ್ ಅನ್ನುವ ರಾಸಾಯನಿಕ ಇದೆ. ಒಮ್ಮೆ ಎದೆಗೆ ಹಿಡಿದರೆ ಜೀವಮಾನವಿಡೀ ಉಬ್ಬಸ. ಬಟ್ಟೆ ಕಟ್ಟಿಕೊಂಡು, ಧೂಳಿನ ಮಾಸ್ಕ್ ಹಾಕಿಕೊಂಡು ಅದನ್ನು ಹೊಡೆಯುವವರನ್ನು ನೋಡಿದರೆ ಈಗ ನನಗೆ ಭಯ ಆಗುತ್ತದೆ, ನನ್ನ ಜೊತೆ ಕೆಲಸ ಕಲಿತವನೊಬ್ಬ ಇವತ್ತು ಮೆಟ್ಟಿಲು ಹತ್ತಲಾರ. ಪಿಯು ಬೇಕಾದರೆ ಎಪಾಕ್ಸಿ, ಪುಟ್ಟಿ ತನಕ ನೀನು ಮಾಡಿ, ಮುಂದಿನದಕ್ಕೆ ಪೇಂಟ್ ಹೊಡೆಯುವ ಬೂತ್ ಇರುವ ಕಡೆ ಕಳಿಸು. ಬಣ್ಣಕ್ಕೆ ಮೊದಲು ಹೊಡೆಯುವ ಪಿಯು ಸರ್ಫೇಸರ್‌ನಲ್ಲೂ ಅದೇ ಹಾರ್ಡನರ್.

ನಿನ್ನ 1 ಎಚ್‌ಪಿ ಕಂಪ್ರೆಸರ್‌ಗೆ ಬಾನೆಟ್ ಅರ್ಧ ಮುಗಿಯುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಒಂದೊಂದೇ ಭಾಗ ಹೊಡೆದರೆ ಎನ್‌ಸಿಗೆ ಹೇಗೋ ನಡೆಯುತ್ತದೆ. ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಮಾತ್ರ ಹಾಕಲೇಬೇಕು.

ಹಾಸನದ ಹಳೇ ಫಿಯಟ್:

ಬಣ್ಣದ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಆರ್‌ಸಿಯಲ್ಲಿ ಬಣ್ಣ ಬರೆದಿರುತ್ತದೆ. ನೀಲಿ ಮಾಡಿದರೆ ಆರ್‌ಟಿಒಗೆ ಹೋಗಿ ಅದನ್ನು ತಿದ್ದಿಸಬೇಕು. ಅದಕ್ಕಿಂತ ಮೊದಲು ಆರ್‌ಸಿ ಜೀವಂತ ಇದೆಯಾ ನೋಡಿ, 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್ ಆಗಬೇಕು, ಆರು ವರ್ಷ ನಿಂತ ಗಾಡಿ ಅಂದರೆ ಅನುಮಾನ. ನನ್ನ ಓಟು ಅಪ್ಪನಿಗೆ. ಕ್ರೀಮ್ ಮ್ಯಾಚ್ ಮಾಡಿಸಲು ಬಾನೆಟ್ ತೋರಿಸಬೇಡಿ, ಅದು ಬಿಸಿಲಿಗೆ ಮಾಸಿರುತ್ತದೆ. ಬಾಗಿಲ ರಬ್ಬರ್ ಎತ್ತಿ ಅದರಡಿಯ ಬಣ್ಣ ತೋರಿಸಿ.

ಆಲ್ದೂರು ಹುಡುಗ:

ಐದು ವಾರ ಆಯಿತು, ಬರೆಯಲು ತಡವಾಯಿತು, ರೋಬಸ್ಟಾ ಕೊಯ್ಲಿನ ಗಡಿಬಿಡಿ. ಎಲ್ಲರಿಗೂ ಥ್ಯಾಂಕ್ಸ್.

ಬಲಗಡೆ ಪಟ್ಟಿ ಕತ್ತರಿಸಿದಾಗ ಒಳಗೆ ಏನಿತ್ತು ಗೊತ್ತಾ? ಎರಡು ಬೊಗಸೆ ಕಾಫಿ ಸಿಪ್ಪೆ, ಹರಿದ ಗೋಣಿಚೀಲದ ನಾರು, ಇಲಿ ಗೂಡು. ಅದೆಲ್ಲಾ ನೀರು ಕುಡಿದು ಮುದ್ದೆಯಾಗಿ ಕೂತಿತ್ತು, ತಗಡು ಕರಗಿದ್ದು ಸರಿಯಾಗಿ ಅಷ್ಟೇ ಉದ್ದ. ಮೂಡಿಗೆರೆ ಕಡೆಯ ಟಿಂಕರ್ ಒಬ್ಬರು ಬಂದು ಮೂರು ದಿನ ಗ್ಯಾಸ್ ವೆಲ್ಡಿಂಗ್ ಮಾಡಿದರು. ಆಂಗಲ್ ಟ್ಯಾಕ್ ಹಾಕಿದ್ದು ನೋಡಿ "ಇದು ಯಾರು ಹೇಳಿಕೊಟ್ಟಿದ್ದು?" ಅಂದರು. ಬಾಗಿಲು ಮೊದಲಿನ ಹಾಗೇ ಟಕ್ ಅಂತ ಕೂರುತ್ತದೆ. ಮುಂದಿನ ಗ್ಲಾಸಿನ ರಬ್ಬರ್ ಬೆಂಗಳೂರಿಂದ ತರಿಸಿದೆ.

ಎಪಾಕ್ಸಿ ಆಗಿದೆ, ಪುಟ್ಟಿ ಮುಗಿದಿದೆ. ಪೇಂಟರ್ ಅಣ್ಣ ಹೇಳಿದ್ದು ಕೇಳದೆ ಒಂದು ದಡ್ಡತನ ಮಾಡಿದೆ. ಡಿಕ್ಕಿ ಮುಚ್ಚಳಕ್ಕೆ ಎನ್‌ಸಿ ಟ್ರಯಲ್ ನೋಡೋಣ ಅಂತ ಬೆಳಿಗ್ಗೆ 8ಕ್ಕೇ ಹೊಡೆದೆ. ಹತ್ತು ನಿಮಿಷದಲ್ಲಿ ಕ್ರೀಮ್ ಹೋಗಿ ಸುಣ್ಣ ಬಳಿದ ಗೋಡೆ ಆಯಿತು. ಅಪ್ಪ ಕಾಫಿ ಲೋಟ ಹಿಡಿದು ನೋಡಿ, ಏನೂ ಹೇಳದೆ ಒಳಗೆ ಹೋದರು. ಹೌದು, ಕ್ರೀಮೇ. ನೀಲಿ ಆಸೆ ಬಿಟ್ಟೆ. ಆರ್‌ಸಿಯೂ ಮುಗಿದಿತ್ತು, ಗಾಡಿ ರೆಡಿಯಾದ ಮೇಲೆ ರಿನ್ಯೂವಲ್‌ಗೆ ಹೋಗಬೇಕು.

ಈಗ ಆ ಬೆಳ್ಳಗಾದ ಮುಚ್ಚಳ ಪೂರ್ತಿ ಕೆರೆಯಬೇಕಾ?

ಅರಸೀಕೆರೆ ಪೇಂಟರ್:

ಬೇಡ. ಒಳ್ಳೆ ಬಿಸಿಲು ನೋಡಿ, ಥಿನ್ನರ್‌ಗೆ ಅದು ನಿಧಾನ ಆರುವ ಹಾಗೆ ಮಾಡುವ ರಿಟಾರ್ಡರ್ ಸ್ವಲ್ಪ ಸೇರಿಸಿ ಅದರ ಮೇಲೆ ತೆಳ್ಳಗೆ ಒಂದು ಕೈ ಹೊಡಿ, ಬಹುತೇಕ ಬಿಳುಪು ಹೋಗುತ್ತದೆ. ಹೋಗದಿದ್ದರೆ 600ರ ವಾಟರ್ ಪೇಪರ್ ಹಾಕಿ ಉಜ್ಜಿ ಮತ್ತೆ ಹೊಡಿ. ಈ ಸಲ 11 ಗಂಟೆಗೆ.