ಸಹಾಯ ಬೇಕು: ಅರೆಬರೆ ಎಆರ್-15 ರಿಸೀವರ್ ಮಾರಾಟ, ಟೆಕ್ಸಾಸ್

ನಮಸ್ಕಾರ. ಟೆಕ್ಸಾಸ್‌ನ ಮಷೀನ್ ಶಾಪ್ ಒಂದಕ್ಕೆ ಎಆರ್-15 ರೈಫಲ್‌ನ ಅರೆಬರೆ ಲೋಯರ್ ರಿಸೀವರ್ (ಟ್ರಿಗರ್ ಭಾಗಗಳು ಕೂರುವ ಕೆಳ ಚೌಕಟ್ಟು) ಮಾಡಿಕೊಡುವ ಆರ್ಡರ್ ಬಂದಿದೆ. ಎಟಿಎಫ್ (ಬಂದೂಕು ನಿಯಂತ್ರಿಸುವ ಅಮೆರಿಕದ ಫೆಡರಲ್ ಸಂಸ್ಥೆ) ನಿಯಮ ಬಲ್ಲ ವಕೀಲರು ಅಥವಾ ಟೈಪ್ 07 (ಬಂದೂಕು ತಯಾರಿಕೆಯ) ಲೈಸೆನ್ಸ್ ಇರುವವರು ದಯವಿಟ್ಟು ಹೇಳಿ.

ನಮಗೆ ತಿಳಿದಿರುವುದು ಇಷ್ಟು. 2022ರ ಆಗಸ್ಟ್ 24ರಿಂದ ಜಾರಿಯಲ್ಲಿರುವ ನಿಯಮದಲ್ಲಿ, ಬೇಗನೆ ಪೂರ್ಣಗೊಳಿಸಬಹುದಾದ ಅರೆಬರೆ ರಿಸೀವರ್ ಕೂಡ ಬಂದೂಕೇ. 2025ರ ಮಾರ್ಚ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ 7-2ರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. "80 ಪರ್ಸೆಂಟ್" (ಶೇ. 80ರಷ್ಟು ಮುಗಿದ ರಿಸೀವರ್) ಎಂಬ ಮಾರುಕಟ್ಟೆಯ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ತುಂಡಿನ ಜೊತೆ ಜಿಗ್ (ಡ್ರಿಲ್‌ಗೆ ದಾರಿ ತೋರುವ ಸಾಧನ), ಟೆಂಪ್ಲೇಟ್, ಸೂಚನೆ ಮಾರಿದರೆ ಅವನ್ನೂ ಸೇರಿಸಿಯೇ ತೂಗುತ್ತಾರೆ. ಹೆಚ್ಚಿನವರು ಎಡವುವುದು ಇಲ್ಲೇ.

ಹಾಗಾಗಿ ಲೈಸೆನ್ಸ್ ಪಡೆದೇ ಮಾಡುವುದು ಸರಿ ಅನಿಸುತ್ತದೆ: ಮೂರು ವರ್ಷಕ್ಕೆ 150 ಡಾಲರ್. ಸೀರಿಯಲ್ ನಂಬರ್ ಕನಿಷ್ಠ 0.003 ಇಂಚು ಆಳ, ಅಕ್ಷರ 1/16 ಇಂಚಿಗಿಂತ ಚಿಕ್ಕದಿರಬಾರದು. ಅನೋಡೈಸ್ (ಲೋಹದ ಮೇಲೆ ರಕ್ಷಣಾ ಪದರ) ಮಾಡುವ ಮೊದಲೇ ಕೆತ್ತುವುದಾದರೆ, ಆಳ ಎಲ್ಲಿ, ಯಾವಾಗ ಅಳೆಯಬೇಕು?

ಮುಖ್ಯ ಪ್ರಶ್ನೆಗಳು: ಒಳಭಾಗದಲ್ಲಿ ಮಷೀನಿಂಗ್ ಮಾಡದ, ಗುರುತೂ ಹಾಕದ ಬ್ಲಾಂಕ್ (ಕಚ್ಚಾ ತುಂಡು) ಮಾತ್ರ ಮಾರಿದರೆ ಎಟಿಎಫ್‌ನಿಂದ ಲಿಖಿತ ವರ್ಗೀಕರಣ ಪಡೆಯಲು ಮಾದರಿ ತುಂಡಿನ ಜೊತೆ ಏನೇನು ಕಳಿಸಬೇಕು? ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಕಟ್ಟುನಿಟ್ಟಿನ ರಾಜ್ಯಗಳ ಆರ್ಡರ್ ತಡೆಯಲು ವೆಬ್‌ಸೈಟ್‌ನಲ್ಲೇ ವಿಳಾಸ ತಪಾಸಣೆ ಇಟ್ಟರೆ ಸಾಕೇ?

ಎಚ್-1ಬಿಯಲ್ಲಿರುವ ಕನ್ನಡಿಗರು ಗಮನಿಸಿ: ಆ ವೀಸಾದವರು ಬಂದೂಕು ಹೊಂದುವುದಕ್ಕೆ, ಬೇಟೆ ಪರವಾನಗಿಯಂಥ ವಿನಾಯಿತಿ ಇಲ್ಲದಿದ್ದರೆ, ಫೆಡರಲ್ ನಿಷೇಧವಿದೆ. ಶಾಪ್‌ನಲ್ಲಿ ಅಂಥ ಕೆಲಸಗಾರರಿದ್ದರೆ ಈ ತುಂಡುಗಳನ್ನು ಅವರ ಕೈಗೆ ಕೊಡಬಹುದೇ ಎಂಬುದಕ್ಕೂ ಉತ್ತರ ಬೇಕು.