ಹೊಸ ಮಾಸ್‌ಫೆಟ್ ಹಾಕಿದರೂ ಕಾರಿನ ಆಂಪ್ಲಿಫೈಯರ್ ಮತ್ತೆ ಸುಟ್ಟಿತು: ತಪ್ಪು ಎಲ್ಲಿದೆ?

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಕಾರಿನಲ್ಲಿ ಎರಡು ಚಾನೆಲ್‌ಗಳ ಹಳೆಯ ಆಂಪ್ಲಿಫೈಯರ್ ಇದೆ. ಅದಕ್ಕೆ ಒಂದು ಸಬ್‌ವೂಫರ್ ಜೋಡಿಸಿದ್ದೇನೆ. ಕಳೆದ ತಿಂಗಳು ಶಿರಾಡಿ ಘಾಟಿ ಹತ್ತಿ ಬರುವಾಗ ಹಾಡು ಥಟ್ಟನೆ ನಿಂತಿತು. ಅಂದಿನಿಂದ 30 ಆಂಪಿಯರ್ ಫ್ಯೂಸ್ ಹಾಕಿದ ಕ್ಷಣವೇ ಹೋಗುತ್ತಿತ್ತು. ಆಂಪ್ಲಿಫೈಯರ್ ಆನ್ ಮಾಡುವ ರಿಮೋಟ್ ತಂತಿಯನ್ನು ಇನ್ನೂ ಮುಟ್ಟಿಸಿಯೇ ಇರಲಿಲ್ಲ.

ಬಿಚ್ಚಿ ನೋಡಿದೆ. ಪವರ್ ಸಪ್ಲೈ ಭಾಗದಲ್ಲಿ ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್‌ಗಳು (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್‌ಗಳು) ನಾಲ್ಕಿವೆ. ಎಡಗಡೆಯ ಎರಡರಲ್ಲಿ ಮೂರೂ ಕಾಲುಗಳ ನಡುವೆ ಮಲ್ಟಿಮೀಟರ್ ಕೂಗುತ್ತಿತ್ತು, ಅಂದರೆ ಒಳಗೆ ಶಾರ್ಟ್. ಅವೆರಡನ್ನು ಬದಲಿಸಿದೆ. ಬ್ಯಾಟರಿ ಜೋಡಿಸಿದಾಗ ಫ್ಯೂಸ್ ಹೋಗಲಿಲ್ಲ, ಬಹಳ ಸಂತೋಷವಾಯಿತು. ಆದರೆ ರಿಮೋಟ್ ಕೊಟ್ಟ ಎರಡೇ ಸೆಕೆಂಡಿಗೆ ಹೊಗೆ ಬಂತು, ಹೊಸದೂ ಹೋಯಿತು. ಈ ಆಂಪ್ಲಿಫೈಯರ್ ನನ್ನ ಮೊದಲ ಸಂಬಳದಲ್ಲಿ ಕೊಂಡದ್ದು, ಎಸೆಯಲು ಮನಸ್ಸಿಲ್ಲ. ತಿಳಿದವರು ದಾರಿ ತೋರಿಸಿ.

ಉತ್ತರ (ಹುಬ್ಬಳ್ಳಿಯಿಂದ)

ಎಸೆಯಬೇಡಿ ಸರ್, ಇದು ಸರಿಹೋಗುವ ದೋಷ. ಸದ್ಯಕ್ಕೆ ಇನ್ನೊಂದು ಮಾಸ್‌ಫೆಟ್ ಅನ್ನೂ ಬೆಸುಗೆ ಹಾಕಬೇಡಿ. ಮಾಸ್‌ಫೆಟ್ ಸುಟ್ಟಿದ್ದು ಕಣ್ಣಿಗೆ ಕಾಣುತ್ತದೆ, ಅದು ಸುಡುವಾಗ ಅದರ ಹಿಂದಿನ ಬಿಡಿಭಾಗಗಳನ್ನೂ ಎಳೆದುಕೊಂಡು ಹೋಗಿದ್ದು ಕಾಣುವುದಿಲ್ಲ.

ಮಾಸ್‌ಫೆಟ್‌ಗೆ ಮೂರು ಕಾಲು: ಡ್ರೈನ್‌ನಿಂದ ಸೋರ್ಸ್‌ಗೆ ಕರೆಂಟ್ ಹರಿಯುತ್ತದೆ, ಗೇಟ್ ಅದನ್ನು ತೆರೆದು ಮುಚ್ಚುತ್ತದೆ. ಟ್ರಾನ್ಸ್‌ಫಾರ್ಮರ್‌ನ ನಡು ತುದಿಗೆ ಬ್ಯಾಟರಿಯ ಪ್ಲಸ್ ಬರುತ್ತದೆ. ಎರಡು ಪಕ್ಕದ ತುದಿಗಳು ಮಾಸ್‌ಫೆಟ್‌ಗಳ ಡ್ರೈನ್‌ಗೆ ಹೋಗುತ್ತವೆ. ಮಾಸ್‌ಫೆಟ್ ಒಳಗೆ ಡ್ರೈನ್ ಮತ್ತು ಗೇಟ್ ಒಂದಾದರೆ 12 ವೋಲ್ಟ್ ನೇರವಾಗಿ ಗೇಟ್ ರೆಸಿಸ್ಟರ್ ಮೂಲಕ ಗೇಟ್ ನಡೆಸುವ ಡ್ರೈವರ್ ಟ್ರಾನ್ಸಿಸ್ಟರ್‌ಗೆ ನುಗ್ಗುತ್ತದೆ. ರೆಸಿಸ್ಟರ್ 100 ಓಮ್ ಇದ್ದರೆ 0.12 ಆಂಪಿಯರ್, ಅಂದರೆ ಸುಮಾರು ಒಂದೂವರೆ ವ್ಯಾಟ್ ಶಾಖ. ಆ ಪುಟ್ಟ ರೆಸಿಸ್ಟರ್ ತಡೆಯುವುದು ಕಾಲು ವ್ಯಾಟ್ ಮಾತ್ರ.

ಆದ್ದರಿಂದ ನಾಲ್ಕೂ ಮಾಸ್‌ಫೆಟ್‌ಗಳನ್ನು ತೆಗೆಯಿರಿ. ಕಾಲುಗಳನ್ನು ಮೊದಲು ಕತ್ತರಿಸಿ, ಆಮೇಲೆ ಒಂದೊಂದಾಗಿ ಬಿಸಿ ಮಾಡಿ ಎಳೆದರೆ ಬೋರ್ಡಿನ ತಾಮ್ರ ಏಳುವುದಿಲ್ಲ. ಅರ್ತ್ ಭಾಗದ ತಾಮ್ರ ದಪ್ಪವಿರುತ್ತದೆ, 25 ವ್ಯಾಟ್ ಐರನ್ ಸಾಲದು, 60 ವ್ಯಾಟ್ ಬೇಕು. ಗೇಟ್ ರೆಸಿಸ್ಟರ್‌ಗಳನ್ನು ಅಳೆಯಿರಿ. ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ (ಔಟ್‌ಪುಟ್) ಬದಿಯ ಡಯೋಡ್‌ಗಳು, ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಶಾರ್ಟ್ ಆಗಿವೆಯೇ ಎಂಬುದನ್ನೂ ನೋಡಿ. ಅಳೆಯುವ ಮೊದಲು ದೊಡ್ಡ ಕೆಪಾಸಿಟರ್‌ಗಳನ್ನು ಒಂದು ರೆಸಿಸ್ಟರ್ ಮೂಲಕ ಖಾಲಿ ಮಾಡುವುದನ್ನು ಮರೆಯಬೇಡಿ.

ಮುಖ್ಯವಾದ ಮಾತು: ಇನ್ನು ಮುಂದೆ ಬ್ಯಾಟರಿಯ ಪ್ಲಸ್ ತಂತಿಯ ನಡುವೆ 12 ವೋಲ್ಟ್, 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್ ಸೇರಿಸಿಯೇ ಪರೀಕ್ಷೆ ಮಾಡಿ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ನಾಲ್ಕೂವರೆ ಆಂಪಿಯರ್‌ಗಿಂತ ಹೆಚ್ಚು ಹರಿಯುವುದಿಲ್ಲ. ಐವತ್ತು ರೂಪಾಯಿಯ ಮಾಸ್‌ಫೆಟ್ ಉಳಿಯುತ್ತದೆ, ಧೈರ್ಯವೂ ಉಳಿಯುತ್ತದೆ.

ಮಾಸ್‌ಫೆಟ್ ಇಲ್ಲದೆಯೇ ರಿಮೋಟ್ ಕೊಟ್ಟು, ನಾಲ್ಕು ಗೇಟ್ ಜಾಗಗಳಲ್ಲಿ ಡಿಸಿ ವೋಲ್ಟೇಜ್ ಎಷ್ಟಿದೆ ಎಂದು ಬರೆಯಿರಿ.

ಪ್ರಶ್ನೆ ಕೇಳಿದವರು

ಹೇಳಿದ ಹಾಗೆಯೇ ಮಾಡಿದೆ ಸರ್. ಬಲಗಡೆ ಎರಡೂ ಗೇಟ್‌ಗಳಲ್ಲಿ 4.6 ವೋಲ್ಟ್. ಎಡಗಡೆ ಒಂದರಲ್ಲಿ 9.8, ಇನ್ನೊಂದರಲ್ಲಿ ಸೊನ್ನೆ. ಸೊನ್ನೆ ಇರುವ ಕಡೆಯ 100 ಓಮ್ ರೆಸಿಸ್ಟರ್ ಓಪನ್ ಆಗಿದೆ (ಒಳಗೆ ಕಡಿದುಹೋಗಿದೆ), ಹೊರಗಿನಿಂದ ನೋಡಿದರೆ ಬಣ್ಣದ ಪಟ್ಟಿಗಳು ಹೊಸದರ ಹಾಗೆಯೇ ಇವೆ. ಡಯೋಡ್‌ಗಳು, ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸರಿಯಾಗಿವೆ. ಡ್ರೈವ್ ಕೊಡುವ ಐಸಿ ಟಿಎಲ್494.

ಉತ್ತರ (ಹುಬ್ಬಳ್ಳಿಯಿಂದ)

ಕಳ್ಳ ಸಿಕ್ಕಿದ. ಟಿಎಲ್494 ಎರಡು ಬದಿಗಳನ್ನು ಸರದಿಯ ಮೇಲೆ ತೆರೆದು ಮುಚ್ಚುತ್ತದೆ, ಪ್ರತಿ ಬದಿಯೂ ಅರ್ಧ ಹೊತ್ತಿಗಿಂತ ಸ್ವಲ್ಪ ಕಡಿಮೆ ತೆರೆದಿರುತ್ತದೆ. ಅದಕ್ಕೇ ಆರೋಗ್ಯವಾಗಿರುವ ಬದಿಯಲ್ಲಿ ಮೀಟರ್ ಸರಾಸರಿಯಾಗಿ 4.6 ತೋರಿಸುತ್ತಿದೆ. 9.8 ಎಂದರೆ ಆ ಗೇಟ್ ಮುಚ್ಚುತ್ತಲೇ ಇಲ್ಲ. ಗೇಟ್‌ನಲ್ಲಿ ತುಂಬಿದ್ದನ್ನು ಅರ್ತ್‌ಗೆ ಖಾಲಿ ಮಾಡಬೇಕಾದ ಪಿಎನ್‌ಪಿ ಟ್ರಾನ್ಸಿಸ್ಟರ್ ಓಪನ್ ಆಗಿರಬೇಕು. ಮುಚ್ಚದ ಮಾಸ್‌ಫೆಟ್‌ಗೆ ಟ್ರಾನ್ಸ್‌ಫಾರ್ಮರ್‌ನ ನಾಲ್ಕಾರು ಸುತ್ತಿನ ದಪ್ಪ ತಂತಿ ಬರಿಯ ಶಾರ್ಟ್. ನಿಮ್ಮ ಹೊಸ ಮಾಸ್‌ಫೆಟ್ ಎರಡು ಸೆಕೆಂಡ್ ತಡೆದದ್ದೇ ದೊಡ್ಡದು.

ಎರಡೂ ಬದಿಯ ಪಿಎನ್‌ಪಿ ಟ್ರಾನ್ಸಿಸ್ಟರ್‌ಗಳನ್ನೂ ನಾಲ್ಕೂ ಗೇಟ್ ರೆಸಿಸ್ಟರ್‌ಗಳನ್ನೂ ಬದಲಿಸಿ. ಎಲ್ಲ ಗೇಟ್‌ಗಳಲ್ಲೂ 4.6ರ ಆಸುಪಾಸು ಬಂದ ಮೇಲಷ್ಟೇ ಮಾಸ್‌ಫೆಟ್ ಹಾಕಿ, ಅದೂ ನಾಲ್ಕನ್ನೂ ಒಂದೇ ಬ್ಯಾಚ್‌ನದು. ಹಳೆಯ ಎರಡು ಬದುಕಿವೆ ಎಂದು ಉಳಿಸಿಕೊಳ್ಳಬೇಡಿ, ಅವೂ ಏಟು ತಿಂದಿವೆ.

ಶಾಖ ಹೀರುವ ಲೋಹದ ಹೀಟ್‌ಸಿಂಕ್‌ಗೆ ಬಿಗಿಯದೆ ಒಂದು ನಿಮಿಷವೂ ನಡೆಸಬೇಡಿ. ಮಾಸ್‌ಫೆಟ್‌ನ ಲೋಹದ ಬೆನ್ನು ಡ್ರೈನ್‌ಗೆ ಸೇರಿದ್ದು, ಆದ್ದರಿಂದ ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಹರಿದಿದ್ದರೆ ಹೊಸದನ್ನು ಹಾಕಿ. ಬಿಗಿದ ಮೇಲೆ ಬೆನ್ನಿಗೂ ಹೀಟ್‌ಸಿಂಕ್‌ಗೂ ಸಂಪರ್ಕ ಇಲ್ಲವೆಂದು ಮೀಟರ್‌ನಿಂದ ಖಚಿತಪಡಿಸಿಕೊಳ್ಳಿ.

ಇನ್ನೊಂದು ಪ್ರಶ್ನೆ. ಸಬ್‌ವೂಫರ್ ಕಾಯಿಲ್ ಎಷ್ಟು ಓಮ್, ಹೇಗೆ ಜೋಡಿಸಿದ್ದೀರಿ?

ಇನ್ನೊಬ್ಬರು (ಮೈಸೂರಿನಿಂದ)

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಮಾಸ್‌ಫೆಟ್ ಎಲ್ಲಿ ಕೊಂಡರೂ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೇ ಕೊಂಡರೂ, ಹಾಕುವ ಮೊದಲು ಪರೀಕ್ಷಿಸಿ. ಮೇಲೆ ಅದೇ ನಂಬರ್ ಬರೆದು ಒಳಗೆ ಸಣ್ಣ ಚಿಪ್ ಇಟ್ಟ ನಕಲಿಗಳು ನನ್ನ ಕೈಗೇ ಬಂದಿವೆ. ಅದೇ ಹೆಡ್‌ಲೈಟ್ ಬಲ್ಬ್ ಸಾಕು. ಪ್ಲಸ್‌ನಿಂದ ಬಲ್ಬ್, ಬಲ್ಬ್‌ನಿಂದ ಡ್ರೈನ್, ಸೋರ್ಸ್ ಅರ್ತ್‌ಗೆ, ಗೇಟ್ 12 ವೋಲ್ಟ್‌ಗೆ. ಬಲ್ಬ್ ಉರಿಯುವಾಗ ಡ್ರೈನ್ ಮತ್ತು ಸೋರ್ಸ್ ಕಾಲುಗಳ ಬುಡದಲ್ಲೇ ಮಿಲಿವೋಲ್ಟ್ ಅಳೆಯಿರಿ. ಐಆರ್‌ಎಫ್‌ಝಡ್44ಎನ್‌ನ ಗರಿಷ್ಠ ರೋಧ 17.5 ಮಿಲಿಓಮ್. ನಾಲ್ಕೂವರೆ ಆಂಪಿಯರ್‌ಗೆ ಸುಮಾರು 80 ಮಿಲಿವೋಲ್ಟ್ ಮೀರಬಾರದು. 200 ಬಂದರೆ ಅಂಗಡಿಗೆ ಹಿಂದಿರುಗಿಸಿ. ಬಿಸಿಯಾದಂತೆ ರೋಧ ಏರುತ್ತದೆ, ಬೇಗ ಅಳೆಯಿರಿ.

ಪ್ರಶ್ನೆ ಕೇಳಿದವರು

ಸಬ್‌ವೂಫರ್‌ಗೆ 4 ಓಮ್‌ನ ಎರಡು ಕಾಯಿಲ್‌ಗಳಿವೆ. ಅವನ್ನು ಪ್ಯಾರಲಲ್ ಮಾಡಿ, ಎರಡೂ ಚಾನೆಲ್‌ಗಳನ್ನು ಬ್ರಿಜ್ ಮಾಡಿ (ಎರಡೂ ಸೇರಿ ಒಂದೇ ಸ್ಪೀಕರ್ ನಡೆಸುವಂತೆ) ಜೋಡಿಸಿದ್ದೆ.

ಉತ್ತರ (ಹುಬ್ಬಳ್ಳಿಯಿಂದ)

ಮೂಲ ಇಲ್ಲಿದೆ. ಪ್ಯಾರಲಲ್ ಮಾಡಿದರೆ 2 ಓಮ್. ಬ್ರಿಜ್‌ನಲ್ಲಿ ಪ್ರತಿ ಚಾನೆಲ್‌ಗೆ ಅದರ ಅರ್ಧ ಕಾಣುತ್ತದೆ, ಅಂದರೆ 1 ಓಮ್. ನಿಮ್ಮ ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ ಬ್ರಿಜ್‌ಗೆ ಕನಿಷ್ಠ ಎಷ್ಟು ಓಮ್ ಎಂದು ಬರೆದಿರುತ್ತದೆ, ನೋಡಿ. 4 ಎಂದಿದ್ದರೆ ಕಾಯಿಲ್‌ಗಳನ್ನು ಸೀರೀಸ್ ಮಾಡಿ, 8 ಓಮ್ ಆಗುತ್ತದೆ. ಸದ್ದು ಸ್ವಲ್ಪ ಇಳಿಯುತ್ತದೆ, ಆಂಪ್ಲಿಫೈಯರ್ ಬಾಳುತ್ತದೆ.

ಪ್ರಶ್ನೆ ಕೇಳಿದವರು (ಎಂಟು ದಿನಗಳ ನಂತರ)

ಹಿಂಬದಿಯಲ್ಲಿ 4 ಎಂದೇ ಇದೆ. ಇಷ್ಟು ವರ್ಷ ಓದಿರಲಿಲ್ಲ.

ತಂದ ಆರು ಮಾಸ್‌ಫೆಟ್‌ಗಳಲ್ಲಿ ಐದರಲ್ಲಿ 60ರಿಂದ 70 ಮಿಲಿವೋಲ್ಟ್ ಬಂತು, ಒಂದರಲ್ಲಿ 190. ಅದನ್ನು ಬದಿಗಿಟ್ಟೆ. ಪಿಎನ್‌ಪಿ, ರೆಸಿಸ್ಟರ್ ಬದಲಿಸಿದ ಮೇಲೆ ನಾಲ್ಕೂ ಗೇಟ್‌ಗಳಲ್ಲಿ 4.6 ಬಂತು. ಮಾಸ್‌ಫೆಟ್ ಬಿಗಿದು ರಿಮೋಟ್ ಕೊಟ್ಟಾಗ ಬಲ್ಬ್ ಒಮ್ಮೆ ಮಿಂಚಿ ಆರಿತು. ಆಗ ನನಗಾದ ಸಮಾಧಾನವನ್ನು ಹೇಗೆ ಬರೆಯಲಿ! ಸೆಕೆಂಡರಿಯಲ್ಲಿ ಪ್ಲಸ್ ಮೈನಸ್ ಎರಡೂ ಸಮನಾಗಿವೆ. ಬಲ್ಬ್ ತೆಗೆದು, ಫ್ಯೂಸ್ ಹಾಕಿ, ಸೀರೀಸ್ ಜೋಡಿಸಿ ನಿನ್ನೆ ಎರಡು ಗಂಟೆ ಹಾಡು ಕೇಳಿದೆ. ಹೀಟ್‌ಸಿಂಕ್ ಕೈಯಿಟ್ಟು ಹಿಡಿದುಕೊಳ್ಳುವಷ್ಟೇ ಬೆಚ್ಚಗಿತ್ತು.

ಅರ್ತ್ ತಂತಿಯ ಬುಡದಲ್ಲಿ ಬಾಡಿಯ ಬಣ್ಣ ಕೆರೆಯದೆಯೇ ಬೋಲ್ಟ್ ಹಾಕಿದ್ದಾರೆ. ಭಾನುವಾರ ಅದನ್ನು ಕೆರೆದು ಬಿಗಿಯುತ್ತೇನೆ.