ಪದಚರ್ಚೆ: ‘ನೇಟಿವ್ ಹ್ಯಾಬಿಟಾಟ್ ರೆಸ್ಟೋರೇಶನ್’ಗೆ ಕನ್ನಡ – ಬೋರ್ಡಿಗೆ, ನಾಳೆ ಬೆಳಿಗ್ಗೆಯೊಳಗೆ

[ತುಮಕೂರಿಂದ]
ಎಲ್ರಿಗೂ ನಮಸ್ಕಾರ. ನಮ್ಮೂರ ಕೆರೆಗೆ ನೀರು ತರೋ ಹಳ್ಳದ ದಂಡೇಲಿ ನಾವು ಇಪ್ಪತ್ತು ಜನ ಎರಡು ವರ್ಷದಿಂದ ಭಾನುವಾರ ಭಾನುವಾರ ಸೇರಿ ಲಂಟಾನ ಪೊದೆ ಬುಡಸಮೇತ ಕಿತ್ತು ಹೊಂಗೆ, ಹೊಳೆಮತ್ತಿ, ನೇರಳೆ, ಲಕ್ಕಿ ಹಾಕ್ತಿದೀವಿ. ದುಡ್ಡು ಕೊಟ್ಟ ಕಂಪನಿಯೋರು ಬೋರ್ಡ್ ಹಾಕಿ ಅಂತ ಇಂಗ್ಲಿಷಲ್ಲಿ ಒಂದು ಸಾಲು ಕಳಿಸಿದಾರೆ, ‘ನೇಟಿವ್ ಹ್ಯಾಬಿಟಾಟ್ ರೆಸ್ಟೋರೇಶನ್ ಬೈ ಕಮ್ಯುನಿಟಿ ವಾಲಂಟಿಯರ್ಸ್’. ನಾನು ‘ಸಮುದಾಯ ಸ್ವಯಂಸೇವಕರಿಂದ ಸ್ಥಳೀಯ ಆವಾಸಸ್ಥಾನ ಪುನರ್‌ಸ್ಥಾಪನೆ’ ಅಂತ ಪ್ರಿಂಟ್ ತೆಗೆದು ಮರಕ್ಕೆ ಕಟ್ಟಿ ನೋಡ್ದೆ. ಅಲ್ಲೇ ಕುರಿ ಮೇಯಿಸೋ ಅಜ್ಜಿ ಮೊಮ್ಮಗನ ಕೈಲಿ ಓದಿಸ್ಕೊಂಡು “ಆವಾಸ್ ಮನೆ ಇಲ್ಲೇ ಕಟ್ತಾರೇನಪ್ಪಾ, ನಂದೂ ಒಂದು ಹೆಸ್ರು ಬರ್ಕೊ” ಅಂದ್ರು. ಅವ್ರಿಗೆ ಇಲ್ಲ ಅನ್ನೋಕೆ ತುಂಬಾ ಕಷ್ಟ ಆಯ್ತು. ನಾಳೆ ಏಳು ಗಂಟೆಗೆ ಪೇಂಟರ್ ಬರ್ತಾನೆ. ದಯವಿಟ್ಟು ಹೇಳಿ, ಏನು ಬರೆಸ್ಲಿ?

[ಮೈಸೂರಿಂದ]
‘ಪುನರ್‌ಸ್ಥಾಪನೆ’ ತಪ್ಪು. ಸಕಾರ ಪರವಾದಾಗ, ಅಂದ್ರೆ ಮುಂದೆ ‘ಸ’ ಬಂದಾಗ, ರೇಫ (‘ರ್’) ಇರಲ್ಲ, ಪುನಃಸ್ಥಾಪನೆ. ಆವಾಸ ಅನ್ನೋದು ಪಠ್ಯಪುಸ್ತಕದಲ್ಲೇ ಇದೆ, ಬದಲಿಸೋ ಅಗತ್ಯ ಕಾಣಲ್ಲ.

[ಹಾಸನದಿಂದ]
> ಬದಲಿಸೋ ಅಗತ್ಯ ಕಾಣಲ್ಲ

ಆ ಅಜ್ಜಿ ಕೇಳಿದ್ದೇ ಅಗತ್ಯ ಸಾರ್. ನೇಟಿವ್‌ಗೆ ನಮ್ಮಲ್ಲಿ ‘ನಾಟಿ’ ಇರೋವಾಗ ಸ್ಥಳೀಯ, ದೇಶೀಯ ಯಾಕೆ ಬೇಕು? ನಾಡು–ನಾಟಿ, ಕಾಡು–ಕಾಟಿ (ಕಾಡುಕೋಣ), ಜೋಡಿ ನೋಡಿ. ತಮಿಳಲ್ಲಿ ನಾಡು ಅನ್ನೋದು ನಾಟ್ಟು ಆಗುತ್ತಲ್ಲ ಅದೇ ದಾರಿ, ನಾನು ಈ ಮಾತನ್ನ ಈ ಬಳಗದಲ್ಲಿ ಮೂರನೇ ಸಲ ಹೇಳ್ತಿದೀನಿ. ನಾಟಿ ಕೋಳಿ, ನಾಟಿ ಔಷಧ, ನಾಟಿ ಹಸು ಎಲ್ಲಾ ಇರೋವಾಗ ನಾಟಿ ಗಿಡ ಯಾಕಾಗಬಾರ್ದು? ಇದರ ಎದುರುಪದನೂ ಜನರ ಬಾಯಲ್ಲೇ ಇದೆ, ಸೀಮೆ. ನಾಟಿ ಹಸು–ಸೀಮೆ ಹಸು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಹೊರಗಿಂದ ಬಂದದ್ದೆಲ್ಲ ಸೀಮೆ. ಹಂಗಾಗಿ ಲಂಟಾನಕ್ಕೆ ‘ಸೀಮೆಗಿಡ’ ಅನ್ನಿ, ‘ಆಕ್ರಮಣಕಾರಿ ಸಸ್ಯ’ ಅಂತ ಯುದ್ಧದ ಭಾಷೆ ಬೇಡ.

[ಮೈಸೂರಿಂದ]
ಸೀಮೆ ಸಂಸ್ಕೃತದ ಸೀಮಾ. ನಿಮ್ಮ ಅಚ್ಚಗನ್ನಡ ಅಲ್ಲಿಗೆ ಮುಗೀತು. ‘ನಾಟಿ ಗಿಡ’ ಅಂದ್ರೆ ಪೈರು ನಾಟಿ ಅಂತ ಓದ್ಕೋತಾರೆ.

[ಪುತ್ತೂರಿಂದ]
ಮಾರಾಯ್ರೆ, ಪದಕ್ಕಿಂತ ಮೊದ್ಲು ಗಿಡ ನೋಡಿ. ಹೊರಗಿಂದ ಬಂದದ್ದೆಲ್ಲ ಕೀಳ್ಬೇಕು ಅಂತಾದ್ರೆ ಹುಣಸೆ ಆಫ್ರಿಕಾದ್ದು, ಮೆಣಸಿನಕಾಯಿ ಅಮೆರಿಕಾದ್ದು, ಅದನ್ನ ಯಾರು ಕೀಳ್ತಾರೆ? ನೀಲಗಿರಿ ಮರ ಆಸ್ಟ್ರೇಲಿಯಾದಿಂದ ಬಂತು, ಹೆಸ್ರು ಮಾತ್ರ ನಮ್ಮ ಬೆಟ್ಟದ್ದು. ಮೆಣಸಿನಕಾಯಿಗೆ ನಮ್ಮ ಹಿರಿಯರು ಹೊಸ ಶಬ್ದ ಹುಟ್ಟಿಸ್ಲೇ ಇಲ್ಲ, ಇದ್ದ ಮೆಣಸಿಗೆ ಕಾಯಿ ಸೇರಿಸಿದ್ರು ಅಷ್ಟೆ. ಪಾರ್ಥೇನಿಯಂಗೆ ಕಾಂಗ್ರೆಸ್ ಗಿಡ ಅಂದ್ರು, ಅದೂ ನಡೀತು. ಎರವಲು ಪದ ತಂದ್ರೂ ಬಿಟ್ರೂ ಲಂಟಾನದ ತೊಂದ್ರೆ ಬೇರೆಯೇ, ಅದು ಹಬ್ಬಿದ ಜಾಗದಲ್ಲಿ ಕೆಳಗೆ ಹುಲ್ಲೂ ಇಲ್ಲ ಬೇರೆ ಸಸಿಯೂ ಏಳೋದಿಲ್ಲ, ದನ ತಿಂದ್ರೆ ವಿಷ, ಹಕ್ಕಿ ಹಣ್ಣು ತಿಂದು ಬೀಜ ಮುಂದಿನ ದಂಡೆಗೆ ಒಯ್ತದೆ, ಕಡಿದ್ರೆ ಬುಡದಿಂದ ಪುನಃ ಚಿಗುರ್ತದೆ. ಅದನ್ನ ಹೇಳುವ ಶಬ್ದ ಬೇಕಾದದ್ದು, ಊರು ಯಾವುದು ಅಂತ ಹೇಳುವ ಶಬ್ದ ಅಲ್ಲ. ‘ಕಳೆ’ ಸಾಕು.

[ಹಾಸನದಿಂದ]
ಕಳೆ ಹೊಲದ್ದು, ಹಳ್ಳದ್ದಲ್ಲ. ಒಪ್ಪಲ್ಲ.

[ಕೊಪ್ಪಳದಿಂದ]
ಸರ, ಬೋರ್ಡ್ ಬಿಟ್ಟು ಎಲ್ಲೆಲ್ಲಿಗೋ ಹೊಂಟ್ರಿ. 2019ರಾಗ ಗವಿಮಠದ ಅಜ್ಜಾರು (ಸ್ವಾಮೀಜಿ) ಮುಂದ ನಿಂತು ನಮ್ಮ ಹಿರೇಹಳ್ಳದ ಕೆಲಸ ಚಾಲೂ ಮಾಡಿದಾಗ ನಾನೂ ಹೋಗಿದ್ದೆ. ಇಪ್ಪತ್ತು ಕಿಲೋಮೀಟರಿಗಿಂತ ಉದ್ದ ಹಳ್ಳ, ಜಾಲಿ, ಆಪು ಹುಲ್ಲು, ಹೂಳು ತುಂಬಿ ನೀರು ಹರಿಯೂ ದಾರೀನ ಕಾಣ್ತಿದ್ದಿಲ್ಲ. ಪೇಪರಿನ್ಯಾಗ ‘ಪುನಶ್ಚೇತನ’ ಅಂತ ಬರೀತಿದ್ರು. ನಾವು ಮಾತ್ರ ಮನ್ಯಾಗ ಹೇಳಿದ್ದು “ಹಳ್ಳ ಹಸನ ಮಾಡಾಕ ಹೊಂಟೀವಿ” ಅಂತ. ಹೊಲ ಹಸನ ಮಾಡೂದು ಅಂದ್ರ ಬರೇ ಕಸ ತಗಿಯೂದಲ್ರೀ, ಕಸ ತಗದು, ಕಲ್ಲು ಆರಿಸಿ, ಬಿತ್ತಾಕ ಬರೂವಂಗ ಮಾಡೂದು. ನೀವು ಕಿತ್ತು ನೆಡಾಕತ್ತೀರಲ್ಲ, ಎರಡೂ ಅದರಾಗ ಬಂತು.

[ಮೈಸೂರಿಂದ]
ಹಸನು ಉರ್ದು ಕಡೆಯಿಂದ ಬಂದಿರಬಹುದು. ಪರಿಶೀಲಿಸಿ.

[ಹಾಸನದಿಂದ]
ಬರ್ಲಿ ಬಿಡಿ ಸಾರ್. ಬಾಳು ಹಸನಾಗ್ಲಿ ಅಂತ ಹರಸೋವಾಗ ಯಾರೂ ನಿಘಂಟು ತೆಗೆಯಲ್ಲ. ಕ್ರಿಯಾಪದಕ್ಕೆ ಹಸನು ನಂಗೆ ಒಪ್ಪಿಗೆ. ನಾಟಿ ಮಾತ್ರ ಬಿಡಲ್ಲ.

[ತುಮಕೂರಿಂದ]
ಎಲ್ರಿಗೂ ಥ್ಯಾಂಕ್ಸ್. ರಾತ್ರಿ ನಮ್ಮ ಹುಡುಗ್ರ ಜೊತೆ ಕೂತು ನೋಡಿದ್ವಿ. ಸ್ಥಳೀಯನೂ ಬೇಡ, ನಾಟಿನೂ ಬೇಡ (ಹಾಸನದೋರು ಬೇಜಾರು ಮಾಡ್ಕೋಬೇಡಿ, ನಮ್ಮಲ್ಲಿ ಪಕ್ಕದ್ದೇ ಭತ್ತದ ಗದ್ದೆ), ಗಿಡದ ಹೆಸ್ರನ್ನೇ ಬರೆದ್ರೆ ಯಾರಿಗೂ ಅನುಮಾನ ಬರಲ್ಲ. ಸಮುದಾಯ ಸ್ವಯಂಸೇವಕರು ಅನ್ನೋ ಕಡೆ ‘ಊರಿನವರು’ ಅಂತ ಹಾಕಿದೀವಿ, ಕೆಲ್ಸ ಮಾಡ್ತಿರೋದು ಅವ್ರೇ ತಾನೆ. ಹೀಗಿದೆ:

‘ಊರಿನವರು ಸೇರಿ ಈ ಹಳ್ಳದ ದಂಡೆ ಹಸನು ಮಾಡ್ತಿದೀವಿ. ಲಂಟಾನ ಕಿತ್ತು ಹೊಂಗೆ, ಹೊಳೆಮತ್ತಿ, ನೇರಳೆ, ಲಕ್ಕಿ ನೆಟ್ಟಿದೀವಿ. ಸಸಿ ಎದೆಯೆತ್ತರ ಬರೋವರೆಗೆ ಕುರಿ ಬಿಡಬೇಡಿ.’

ಅಜ್ಜಿಗೂ ಓದಿ ಹೇಳ್ದೆ. ಲಕ್ಕಿ ಎಷ್ಟನೇ ಸಾಲಲ್ಲಿದೆ, ಬುಟ್ಟಿ ಹೆಣೆಯೋಕೆ ಕಡ್ಡಿ ಯಾವಾಗ ಕುಯ್ಬೋದು ಅಂತ ಕೇಳಿದ್ರು.

[ಮೈಸೂರಿಂದ]
ಬೋರ್ಡಿನಲ್ಲಿ ‘ಮಾಡ್ತಿದೀವಿ’ ಸಲ್ಲದು. ‘ಮಾಡುತ್ತಿದ್ದೇವೆ’, ‘ನೆಟ್ಟಿದ್ದೇವೆ’. ಉಳಿದದ್ದು ಸರಿ ಇದೆ.

[ತುಮಕೂರಿಂದ]
ಆಯ್ತು ಸಾರ್, ತಿದ್ದಿಸ್ತೀನಿ. ಪೇಂಟರ್ ಬಂದ.